ಮಗು ಬೆರಳು ಚೀಪುವುದನ್ನು ಬಿಡಿಸುವುದು ಹೇಗೆ: ಗದರದೆ, ಖಾರ ಹಚ್ಚದೆ

ಬೆರಳು ಚೀಪುವ ಮಗುವಿರುವ ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತಾರೆ. ಬೇವಿನ ರಸ ಹಚ್ಚಿ, ಹಾಗಲಕಾಯಿ ತಿಕ್ಕಿ, ಮೆಣಸಿನಪುಡಿ ಸವರಿ, ಬಟ್ಟೆ ಸುತ್ತಿ, ಯಾವುದಕ್ಕೂ ಬಗ್ಗದಿದ್ದರೆ ಎರಡು ಬಿಡಿ. ಇಷ್ಟೆಲ್ಲ ಆದಮೇಲೂ ಮಗು ರಾತ್ರಿ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಚೀಪುತ್ತಲೇ ಇರುತ್ತದೆ. ಮದ್ದು ಬಿದ್ದದ್ದು ಬೆರಳಿಗೆ. ಬೆರಳನ್ನು ಬಾಯಿಗೆ ಕಳಿಸುತ್ತಿರುವ ನಿದ್ದೆ, ಬೇಸರ, ಭಯ, ಹಸಿವು ಇದ್ದಲ್ಲೇ ಇವೆ.

ಈ ಬರಹ ಮುಖ್ಯವಾಗಿ ಮೂರೂವರೆಯಿಂದ ಏಳು ವರ್ಷದ ಮಕ್ಕಳ ಮನೆಯವರಿಗೆ. ಕೆಲಸ ಮುಗಿಯಲು ಕೆಲವು ವಾರ ಹಿಡಿಯುತ್ತದೆ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಒಂದೇ ರಾತ್ರಿಯಲ್ಲಿ ಬಿಡಿಸುವ ಉಪಾಯ ಹುಡುಕುತ್ತಿದ್ದರೆ ಇಲ್ಲಿ ಸಿಗುವುದಿಲ್ಲ.

ಮೊದಲು ವಯಸ್ಸು ನೋಡಿ

ಬೆರಳು ಚೀಪುವುದು ರೋಗವಲ್ಲ, ಕೆಟ್ಟ ಬುದ್ಧಿಯೂ ಅಲ್ಲ. ಹೊಟ್ಟೆಯಲ್ಲಿರುವಾಗಲೇ ಮಗು ಬೆರಳು ಬಾಯಿಗಿಡುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಹುಟ್ಟಿದ ಮಗುವಿಗೆ ಹಾಲು ಕುಡಿಯಲು ಚೀಪುವ ಸಹಜ ಪ್ರವೃತ್ತಿ ಬೇಕೇ ಬೇಕು. ಹೊಟ್ಟೆ ತುಂಬಿದ ಮೇಲೂ ಅದೇ ಕ್ರಿಯೆ ಮಗುವನ್ನು ಸಮಾಧಾನಪಡಿಸುತ್ತದೆ. ಆಲದೆಲೆಯ ಮೇಲೆ ಮಲಗಿ ಕಾಲಿನ ಹೆಬ್ಬೆರಳು ಚೀಪುವ ವಟಪತ್ರಶಾಯಿಯ ಚಿತ್ರವನ್ನು ದೇವರಮನೆಯಲ್ಲಿ ತೂಗುಹಾಕಿ ಕೈಮುಗಿಯುವವರು ನಾವೇ, ಸ್ವಂತ ಮಗು ಕೈಬೆರಳು ಚೀಪಿದರೆ ನಾಚಿಕೆಪಡುವವರೂ ನಾವೇ.

ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ. ಆದ್ದರಿಂದ ಮಗುವಿಗೆ ಮೂರು ತುಂಬಿಲ್ಲವೆಂದರೆ ಕೈ ಚೊಕ್ಕಟವಾಗಿಡಿ, ಉಗುರು ಕತ್ತರಿಸಿ, ಮಿಕ್ಕದ್ದನ್ನು ಮರೆತುಬಿಡಿ. ಆ ವಯಸ್ಸಿನಲ್ಲಿ ಬೆನ್ನುಬಿದ್ದರೆ ಅಭ್ಯಾಸ ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು. ನಾಲ್ಕು ದಾಟಿದರೆ ನಿಧಾನವಾಗಿ ಕೆಲಸ ಶುರುಮಾಡಿ. ಆರು ವರ್ಷದ ಸುಮಾರಿಗೆ ಮುಂದಿನ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರತೊಡಗುತ್ತವೆ. ಅಷ್ಟರೊಳಗೆ ಬಿಟ್ಟರೆ ಒಳ್ಳೆಯದು, ಅದೇ ನಿಮ್ಮ ನಿಜವಾದ ಗಡುವು.

ಹಲ್ಲಿಗೆ ಏನಾಗುತ್ತದೆ? ಹೆಬ್ಬೆರಳು ಬಾಯಿಯೊಳಗೆ ಮಲಗಿದಾಗ ಮೇಲಿನ ಮುಂದಿನ ಹಲ್ಲುಗಳನ್ನು ಹೊರಕ್ಕೂ ಕೆಳಗಿನವನ್ನು ಒಳಕ್ಕೂ ತಳ್ಳುತ್ತದೆ. ನಾಲಗೆ ಅಂಗುಳಕ್ಕೆ ಅಂಟಿಕೊಂಡು ಇರಬೇಕಾದದ್ದು ಬೆರಳಿನಡಿ ಕೆಳಗೆ ಕೂರುತ್ತದೆ. ಇತ್ತ ಕೆನ್ನೆಯ ಸ್ನಾಯುಗಳು ಎರಡೂ ಕಡೆಯಿಂದ ಒಳಕ್ಕೆ ಒತ್ತುತ್ತವೆ. ಬಹಳ ಕಾಲ ಹೀಗೇ ನಡೆದರೆ ಮೇಲ್ದವಡೆ ಕಿರಿದಾಗುತ್ತದೆ, ಹಲ್ಲು ಉಬ್ಬುತ್ತದೆ, ಬಾಯಿ ಮುಚ್ಚಿ ಕಚ್ಚಿದರೂ ಮುಂದಿನ ಮೇಲಿನ ಹಲ್ಲು ಮತ್ತು ಕೆಳಗಿನ ಹಲ್ಲುಗಳ ನಡುವೆ ಸಂದಿ ಉಳಿಯುತ್ತದೆ. ಕೆಲವು ಮಕ್ಕಳಿಗೆ 'ಸ'ಕಾರ ಹೇಳುವಾಗ ನಾಲಗೆ ಆ ಸಂದಿಯಿಂದ ಹೊರಗೆ ಇಣುಕುತ್ತದೆ.

ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಎಷ್ಟು ಹೊತ್ತು, ಎಷ್ಟು ಜೋರಾಗಿ, ಎಷ್ಟು ವರ್ಷ ಎನ್ನುವುದರ ಮೇಲೆ ಎಲ್ಲ ನಿಂತಿದೆ. ನಿದ್ದೆ ಬರುವ ಹತ್ತು ನಿಮಿಷ ಬೆರಳನ್ನು ಸುಮ್ಮನೆ ತುಟಿಯೊಳಗೆ ಇಟ್ಟುಕೊಳ್ಳುವ ಮಗುವಿಗೆ ತೊಂದರೆ ಕಡಿಮೆ. ಕೆನ್ನೆ ಗುಳಿಬೀಳುವಂತೆ ಚಪ್‌ಚಪ್ ಸದ್ದು ಮಾಡುತ್ತ ರಾತ್ರಿಯಿಡೀ ಚೀಪುವ ಮಗುವಿನ ಹಲ್ಲು ಸರಿಯುವ ಸಾಧ್ಯತೆ ಹೆಚ್ಚು.

ಗೊತ್ತುಮಾಡಿಕೊಳ್ಳಲು ಮಗುವಿನ ಎರಡೂ ಹೆಬ್ಬೆರಳು ಹಿಡಿದು ಪಕ್ಕಪಕ್ಕದಲ್ಲಿಟ್ಟು ನೋಡಿ. ಜೋರಾಗಿ ಚೀಪುವ ಮಗುವಾದರೆ ಒಂದು ಬೆರಳು ಇನ್ನೊಂದಕ್ಕಿಂತ ಬಿಳಿಚಿಕೊಂಡು ಶುಭ್ರವಾಗಿರುತ್ತದೆ, ಚರ್ಮ ನೀರಲ್ಲಿ ನೆನೆದಂತೆ ಸುಕ್ಕಾಗಿರುತ್ತದೆ, ಗೆಣ್ಣಿನ ಮೇಲೆ ಹಲ್ಲು ತಾಗಿ ಒರಟು ಗಂಟು ಕಟ್ಟಿರುತ್ತದೆ. ಆಮೇಲೆ 'ಈ' ಎಂದು ಹಲ್ಲು ಕಚ್ಚಿ ತೋರಿಸಲು ಹೇಳಿ. ಕಚ್ಚಿದಾಗ ನಡುವೆ ನಾಲಗೆಯ ತುದಿ ಕಂಡರೆ ಕೆಲಸ ಮುಂದೂಡಬೇಡಿ. ಗಾಬರಿಯೂ ಬೇಡ: ಶಾಶ್ವತ ಹಲ್ಲು ಬರುವ ಮುನ್ನ ಅಭ್ಯಾಸ ನಿಂತರೆ ಮುಂದಿನ ಈ ಸಂದಿ ಎಷ್ಟೋ ಸಲ ತಾನಾಗಿ ಕೂಡಿಕೊಳ್ಳುತ್ತದೆ. ದವಡೆ ಕಿರಿದಾದದ್ದು ಮಾತ್ರ ಅಷ್ಟು ಸುಲಭವಾಗಿ ಸರಿಹೋಗುವುದಿಲ್ಲ.

"ಕೊಳಕೆಲ್ಲ ಹೊಟ್ಟೆಗೆ ಹೋಗುತ್ತೆ" ಎಂದು ಕಂಗಾಲಾದವರಿಗೆ ಒಂದು ಮಾತು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1970ರ ದಶಕದಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದಿದೆ. ಬೆರಳು ಚೀಪುವ ಅಥವಾ ಉಗುರು ಕಚ್ಚುವ ಮಕ್ಕಳಿಗೆ 13ನೇ ವಯಸ್ಸಿನ ಚರ್ಮಪರೀಕ್ಷೆಯಲ್ಲಿ ಅಲರ್ಜಿಯ ಲಕ್ಷಣ ತುಸು ಕಡಿಮೆ ಕಂಡಿತ್ತೆಂದು 2016ರಲ್ಲಿ ಅದರ ವರದಿ ಹೇಳಿತು. ಹಾಗೆಂದು ಯಾರೂ ಮಗುವಿಗೆ ಚೀಪುವುದನ್ನು ಕಲಿಸಬೇಕಿಲ್ಲ. ಉಗುರು ಸುತ್ತು, ಜಂತುಹುಳುವಿನ ಕಾಟ ಇದ್ದೇ ಇದೆ. ಇದುವರೆಗೆ ಚೀಪಿದ್ದಕ್ಕೆ ಅನಾಹುತವೇನೂ ಆಗಿಹೋಗಿಲ್ಲ ಎಂದು ತಿಳಿದರೆ ಸಾಕು.

ಒಂದು ವಾರ ಸುಮ್ಮನೆ ಗಮನಿಸಿ

ಈ ವಾರ ಬೆರಳಿನ ಬಗ್ಗೆ ತುಟಿಪಿಟಕ್ಕೆನ್ನಬೇಡಿ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ: ಯಾವ ಹೊತ್ತು, ಎಲ್ಲಿ, ಏನು ಮಾಡುತ್ತಿದ್ದಾಗ, ಇನ್ನೊಂದು ಕೈ ಎಲ್ಲಿತ್ತು.

ಆ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಚೀಪುವ ಎಷ್ಟೋ ಮಕ್ಕಳ ಇನ್ನೊಂದು ಕೈಗೂ ಒಂದು ಕೆಲಸವಿರುತ್ತದೆ. ಅಜ್ಜಿಯ ಹಳೇ ಸೀರೆಯ ಸೆರಗನ್ನು ಬೆರಳ ಸಂದಿಯಲ್ಲಿ ಉಜ್ಜುವುದು, ಅಮ್ಮನ ಕಿವಿಹಾಲೆ ಹಿಡಿಯುವುದು, ತನ್ನದೇ ಕೂದಲು ತಿರುವುವುದು, ಹೊಕ್ಕುಳು ಮುಟ್ಟಿಕೊಳ್ಳುವುದು. ಇವೆರಡೂ ಜೋಡಿ ಅಭ್ಯಾಸಗಳು. ಸೆರಗು ಕೈಗೆ ಸಿಕ್ಕಿದ ಕೂಡಲೇ ಬೆರಳು ಬಾಯಿಗೆ ಹೋಗುತ್ತದೆ. ಹಾಗಿದ್ದಾಗ ಮೊದಲು ಸೆರಗನ್ನು ದೂರಮಾಡಿದರೆ ಬೆರಳಿನ ಕೆಲಸ ಅರ್ಧ ಮುಗಿದಂತೆ. ಒಮ್ಮೆಲೇ ಕಿತ್ತುಕೊಳ್ಳಬೇಡಿ. ಮೊದಲು ಹಗಲು ಬೀರುವಿನಲ್ಲಿಡಿ, ರಾತ್ರಿ ಮಾತ್ರ ಕೊಡಿ. ಕೆಲವು ದಿನ ಕಳೆದಮೇಲೆ ಅದನ್ನು ಕತ್ತರಿಸಿ ಸಣ್ಣದು ಮಾಡಿ, ದಿಂಬಿನ ಕವರಿನೊಳಗೆ ಸೇರಿಸಿ ಹೊಲಿದುಬಿಡಿ.

ವಾರದ ಕೊನೆಗೆ ಪುಟ ತಿರುವಿದರೆ ಒಂದು ನಕ್ಷೆ ಕಾಣುತ್ತದೆ. ಟಿವಿ ಅಥವಾ ಮೊಬೈಲ್ ಮುಂದೆ, ಕಾರಿನ ಹಿಂದಿನ ಸೀಟಿನಲ್ಲಿ, ಶಾಲೆಯಿಂದ ಬಂದು ಊಟಕ್ಕೆ ಕಾಯುವಾಗ, ನಿದ್ದೆ ಎಳೆಯುವಾಗ. ಸಾಮಾನ್ಯವಾಗಿ ಇವೇ. ಮನೆಗೆ ಹೊಸ ಪಾಪು ಬಂದಿದ್ದರೆ, ಮನೆ ಬದಲಾಗಿದ್ದರೆ, ಈಗಷ್ಟೇ ಎಲ್‌ಕೆಜಿಗೆ ಸೇರಿಸಿದ್ದರೆ ಚೀಪುವುದು ಏರಿರುತ್ತದೆ. ಅಂಥ ಹೊತ್ತಿನಲ್ಲಿ ಬಿಡಿಸಲು ಹೋಗುವುದು ದುಡುಕು. ಮಗುವಿಗೆ ಇರುವ ಒಂದೇ ಆಸರೆಯನ್ನೂ ಕಸಿದ ಹಾಗಾಗುತ್ತದೆ. ಎರಡು ಮೂರು ತಿಂಗಳು ಕಾಯಿರಿ.

ಹಿರಿಯರ ಜೊತೆ ಒಪ್ಪಂದ

ಮಗುವಿನ ಜೊತೆಗಿಂತ ಕಷ್ಟದ ಮಾತು ಇದು. ಅಪ್ಪ ಗದರುತ್ತಾನೆ, ಅಮ್ಮ ಚಾರ್ಟ್ ಮಾಡುತ್ತಾಳೆ, ಅಜ್ಜಿ ಬೇವು ಅರೆಯುತ್ತಾಳೆ, ಚಿಕ್ಕಪ್ಪ "ಬೆರಳು ಕರಗಿ ಸಣ್ಣ ಆಗಿದೆ ನೋಡು" ಎಂದು ಹೆದರಿಸುತ್ತಾನೆ. ಈ ಗೊಂದಲದಲ್ಲಿ ಯಾವ ಉಪಾಯವೂ ನಿಲ್ಲುವುದಿಲ್ಲ. ಮಗು ಮಲಗಿದ ಮೇಲೆ ಎಲ್ಲರೂ ಕೂತು ಮೂರು ವಿಷಯಕ್ಕೆ ಒಪ್ಪಿಕೊಳ್ಳಿ. ನೆಂಟರ ಮುಂದೆ ಬೆರಳಿನ ಸುದ್ದಿ ಎತ್ತಬಾರದು. ಬಾಯಿಂದ ಕೈಯನ್ನು ಯಾರೂ ಎಳೆಯಬಾರದು. ಬೆರಳಿಗೆ ಖಾರ ಹಚ್ಚಬಾರದು.

ಖಾರದ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಮೆಣಸಿನಪುಡಿ ಹಚ್ಚಿದ ಬೆರಳು ಬಾಯಿಗಿಂತ ಮೊದಲು ಕಣ್ಣಿಗೆ ಹೋಗುತ್ತದೆ, ಅದೂ ನಿದ್ದೆಗಣ್ಣಲ್ಲಿ. ಕೈ ಕಟ್ಟಿಹಾಕುವುದು, ಬಿಸಿ ತಾಗಿಸುವುದು ಶಿಕ್ಷೆ, ಚಿಕಿತ್ಸೆಯಲ್ಲ. ಬೇವು, ಹಾಗಲದ ರಸದಿಂದ ಅಪಾಯ ಕಡಿಮೆ. ಆದರೆ ಮಗುವಿಗೆ ಹೇಳದೆ ಕದ್ದು ಹಚ್ಚಿದರೆ ಅದು ಕಲಿಯುವುದು ಒಂದೇ, ಅಮ್ಮ ಮೋಸ ಮಾಡುತ್ತಾಳೆ ಎಂದು. ಕೆಲವು ಮಕ್ಕಳು ಎರಡೇ ದಿನದಲ್ಲಿ ಆ ಕಹಿಗೂ ಒಗ್ಗಿಕೊಳ್ಳುತ್ತಾರೆ.

ಮೆಡಿಕಲ್ ಶಾಪಿನಲ್ಲಿ ಸಿಗುವ, ಉಗುರಿಗೆ ಬಳಿಯುವ ಕಹಿ ದ್ರಾವಣಗಳಲ್ಲಿ ಹೆಚ್ಚಿನವು ಡೆನಟೋನಿಯಂ ಬೆಂಜೋಯೇಟ್ ಎಂಬ ಅತಿಕಹಿ ರಾಸಾಯನಿಕದವು. ನಾಲ್ಕೈದು ವರ್ಷದ ಮಗು ತಾನೇ "ಹಚ್ಚಮ್ಮ, ಮರೆತುಹೋದ್ರೆ ನೆನಪಾಗುತ್ತೆ" ಎಂದರೆ, ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ ಬಳಸಿ. ಮಗು ಒಲ್ಲೆ ಎಂದರೆ ಮುಚ್ಚಿಡಿ.

ಮಗುವಿನ ಜೊತೆ ಮಾತು

ಬೆರಳು ಬಾಯಲ್ಲಿ ಇಲ್ಲದ ಹೊತ್ತು ನೋಡಿ ಮಾತಾಡಿ. ಸ್ನಾನವಾಗಿ ತಲೆ ಒರೆಸುವಾಗ ಒಳ್ಳೆಯ ಸಮಯ. ಕನ್ನಡಿ ಮುಂದೆ ನಿಲ್ಲಿಸಿ, ಹಲ್ಲು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ: "ಹೊಸ ಹಲ್ಲು ಬರೋ ಹೊತ್ತಾಯ್ತು. ಬೆರಳು ಬಾಯಲ್ಲೇ ಇದ್ರೆ ಅವು ಹೊರಗೆ ಓಡುತ್ತೆ. ಬಿಡೋದು ಕಷ್ಟ ಅಂತ ನಂಗೊತ್ತು. ನಾನು ಸಹಾಯ ಮಾಡ್ತೀನಿ, ಶುರು ಮಾಡೋಣ್ವಾ?"

ಮಗು "ಬೇಡ" ಎಂದರೆ? ಅಲ್ಲಿಗೆ ನಿಲ್ಲಿಸಿ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿ. ಮಗು ಒಪ್ಪದೆ ಮುಂದಿನ ಯಾವ ಹೆಜ್ಜೆಯೂ ನಡೆಯುವುದಿಲ್ಲ. ನಡೆದರೂ ಬೆರಳು ಬಿಟ್ಟು ಉಗುರು ಕಚ್ಚತೊಡಗಬಹುದು. ಮನೆಯವರ ಮಾತು ಕೇಳದ ಮಕ್ಕಳು ಹಲ್ಲಿನ ಡಾಕ್ಟರ್ ಹೇಳಿದರೆ ಕೇಳುವುದುಂಟು. ಡಾಕ್ಟರು ನಿಮ್ಮ ತಲೆಯ ಮೇಲಿಂದ ನೇರ ಮಗುವಿನ ಜೊತೆಯೇ ಮಾತಾಡಲಿ ಎಂದು ಮೊದಲೇ ಕೇಳಿಕೊಳ್ಳಿ.

ಹಗಲಿನ ಕೆಲಸ

ಹಗಲಿನದು ಮೊದಲು, ರಾತ್ರಿಯದು ಕೊನೆಗೆ. ಎಚ್ಚರದಲ್ಲಿ ಕೈ ಹಿಡಿತಕ್ಕೆ ಬಾರದ ಮಗು ನಿದ್ದೆಯಲ್ಲಿ ಹೇಗೆ ಬಿಟ್ಟೀತು?

ಇಡೀ ದಿನ ಬಿಡು ಎನ್ನಬೇಡಿ. ನಿಮ್ಮ ಪಟ್ಟಿಯಲ್ಲಿ ಅತಿ ಸುಲಭವಾದ ಒಂದು ಜಾಗ ಆರಿಸಿ, "ಊಟದ ಮನೆಯಲ್ಲಿ ಬೆರಳಿಲ್ಲ" ಎಂದು ಶುರುಮಾಡಿ. ಅದು ಸಾಧಿಸಿದ ಮೇಲೆ ಅಂಗಳ, ಆಮೇಲೆ ಕಾರು, ಕೊನೆಗೆ ಟಿವಿ. ಟಿವಿ ಮುಂದಿನದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಕೈಗೆ ಕೆಲಸವಿಲ್ಲ, ಮನಸ್ಸು ಎಲ್ಲೋ ಇರುತ್ತದೆ. ಚೀಪತೊಡಗಿದರೆ ಟಿವಿ ನಿಲ್ಲಿಸಿ, ಕೈ ತೆಗೆದರೆ ಮತ್ತೆ ಹಾಕಿ, ಮಾತೇ ಬೇಡ. ಇದನ್ನು ಆಟವೆಂದು ಮೊದಲೇ ಹೇಳಿಟ್ಟಿರಬೇಕು, ಇಲ್ಲವಾದರೆ ರಂಪ.

ಕೈಗೆ ಕೆಲಸ ಕೊಡುವುದರಲ್ಲಿ ನಮ್ಮ ಅಡುಗೆಮನೆಗಳಿಗೆ ಸಮನಾದ ಆಟಿಕೆ ಅಂಗಡಿ ಇಲ್ಲ. ಚಪಾತಿ ಹಿಟ್ಟಿನ ಒಂದು ಉಂಡೆ ಕೊಟ್ಟರೆ ಅರ್ಧ ಗಂಟೆ ಎರಡೂ ಕೈ ಬಿಡುವಿಲ್ಲ. ಚಳಿಗಾಲದಲ್ಲಿ ಅವರೆಕಾಯಿ ಸುಲಿಯಲು ಕೂರಿಸಿ. ನೆನೆದ ಅವರೆಯಿಂದ ಸಿಪ್ಪೆ ಹಿಚುಕಿ ಕಾಳು ಚಿಮ್ಮಿಸುವುದಂತೂ ಹೆಬ್ಬೆರಳೇ ಮಾಡಬೇಕಾದ ಕೆಲಸ, ಮಕ್ಕಳಿಗೆ ಅದರ ಹುಚ್ಚು ಹಿಡಿಯುತ್ತದೆ. ಕೊತ್ತಂಬರಿ ಸೊಪ್ಪು ಬಿಡಿಸಬಹುದು, ಕವಡೆ ಹಾಕಿ ಚೌಕಾಬಾರ ಆಡಬಹುದು. ಮನೆಯಲ್ಲಿ ಇನ್ನೂ ಚಿಕ್ಕ ಪಾಪು ಇದ್ದರೆ ಕಾಳು, ಕವಡೆ ಅದರ ಬಾಯಿಗೆ ಹೋಗದಂತೆ ಕಣ್ಣಿಟ್ಟಿರಿ.

ಐದು ದಾಟಿದ ಮಗುವಿಗೆ ಇನ್ನೊಂದು ಉಪಾಯ ಕಲಿಸಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಮುಂದಿಟ್ಟ ಅಭ್ಯಾಸ ಬಿಡಿಸುವ ಕ್ರಮದ ತಿರುಳು ಇದು: ಕೈ ಬಾಯಿಯ ಕಡೆ ಏಳುತ್ತಿದೆ ಎಂದು ಗೊತ್ತಾದ ಕೂಡಲೇ, ಚೀಪಲು ಆಗದಂಥ ಬೇರೊಂದು ಕೆಲಸವನ್ನು ಅದೇ ಕೈಯಿಂದ ಮಾಡುವುದು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಬಿಗಿದು, ಒಂದರಿಂದ ಇಪ್ಪತ್ತರವರೆಗೆ ಎಣಿಸಿ ಬಿಡಬೇಕು. ಎಣಿಕೆ ಮುಗಿಯುವಷ್ಟರಲ್ಲಿ ಆಸೆಯ ಜೋರು ಇಳಿದಿರುತ್ತದೆ. ಮೊದಲು ಕನ್ನಡಿ ಮುಂದೆ ಸುಳ್ಳುಸುಳ್ಳೇ ಅಭ್ಯಾಸ ಮಾಡಿಸಿ: ಕೈಯನ್ನು ನಿಧಾನ ಬಾಯಿಯತ್ತ ತರುವುದು, ಗಲ್ಲದ ಹತ್ತಿರ ನಿಲ್ಲಿಸುವುದು, ಮುಷ್ಟಿ ಕಟ್ಟುವುದು. ದಿನಕ್ಕೆ ನಾಲ್ಕೈದು ಸಲ ಹೀಗೆ ಆಡಿದರೆ ನಿಜವಾದ ಹೊತ್ತಿನಲ್ಲಿ ಕೈಗೆ ದಾರಿ ಗೊತ್ತಿರುತ್ತದೆ. ಮರೆತು ಚೀಪುತ್ತಿದ್ದರೆ ನೆನಪಿಸಲು ಇಬ್ಬರಿಗೇ ಗೊತ್ತಿರುವ ಒಂದು ಸನ್ನೆ ಇರಲಿ, ಭುಜ ತಟ್ಟುವುದೋ ಮೂಗು ಮುಟ್ಟಿಕೊಳ್ಳುವುದೋ. ಬೆರಳಿಗೆ ಅಂಟಿಸಿದ ಬಣ್ಣದ ಬ್ಯಾಂಡೇಡ್ ಕೂಡ ಈ ಕೆಲಸ ಮಾಡುತ್ತದೆ, ಆದರೆ ಎಚ್ಚರದಲ್ಲಿ ಮಾತ್ರ. ನಿದ್ದೆಯಲ್ಲಿ ಕಳಚಿ ಗಂಟಲಿಗೆ ಹೋದೀತು.

ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಮಗುವಿನ ಎತ್ತರಕ್ಕೆ ಮೊಳೆ ಹೊಡೆದು, ಪ್ರತಿ ತಾರೀಖಿನ ಚೌಕಕ್ಕೆ ಒಂದು ಸ್ಟಿಕ್ಕರ್ ಬಿಂದಿ. ಬಿಂದಿಯನ್ನು ಮಗುವೇ ಆರಿಸಬೇಕು, ಮಗುವೇ ಅಂಟಿಸಬೇಕು. ಮೊದಲ ವಾರ ಇಡೀ ದಿನದ ಲೆಕ್ಕ ಬೇಡ. ಬೆಳಗ್ಗೆಗೆ ಒಂದು, ಸಂಜೆಗೆ ಒಂದು. ಮೂರು ಬಿಂದಿಗೆ ಒಂದು ಸಣ್ಣ ಬಹುಮಾನ: ಪಾರ್ಕಿನಲ್ಲಿ ಹತ್ತು ನಿಮಿಷ ಹೆಚ್ಚು, ರಾತ್ರಿ ಇನ್ನೊಂದು ಕಥೆ, ಭಾನುವಾರದ ತಿಂಡಿ ಅದರಿಷ್ಟದ್ದು. ತಿಂಗಳ ಕೊನೆಗೆ ಸೈಕಲ್ ಎನ್ನುವ ಆಮಿಷ ನಾಲ್ಕು ವರ್ಷದ ಮಗುವಿಗೆ ಅರ್ಥವಾಗದು. ತಿಂಗಳೆಂದರೆ ಅದಕ್ಕೆ ಯುಗ. ಇನ್ನೊಂದು ಮಾತು, ಒಮ್ಮೆ ಅಂಟಿಸಿದ ಬಿಂದಿಯನ್ನು ಕೋಪದಲ್ಲಿ ಕೀಳಬೇಡಿ. ಗಳಿಸಿದ್ದು ಗಳಿಸಿದ್ದೇ.

ಶಾಲೆಯಲ್ಲಿ ಟೀಚರ್‌ಗೆ ಗುಟ್ಟಾಗಿ ವಿಷಯ ತಿಳಿಸಿ, ತರಗತಿಯಲ್ಲಿ ಎತ್ತಿ ಆಡಬಾರದೆಂದು ಕೇಳಿಕೊಳ್ಳಿ. ಸನ್ನೆಯನ್ನೂ ಹೇಳಿಕೊಡಿ.

ರಾತ್ರಿಯದು

ಹಗಲು ಹೆಚ್ಚುಕಡಿಮೆ ಹಿಡಿತಕ್ಕೆ ಬಂದ ಮೇಲೆ ಇತ್ತ ಬನ್ನಿ. ತೀರಾ ದಣಿದು ಮಲಗುವ ಮಗು ಹೆಚ್ಚು ಚೀಪುತ್ತದೆ. ದಿನಕ್ಕಿಂತ ಅರ್ಧ ಗಂಟೆ ಬೇಗ ಮಲಗಿಸಿ, ಹೊಟ್ಟೆ ತುಂಬಿರಲಿ, ಮಲಗುವ ಮುಂಚಿನ ಒಂದು ಗಂಟೆ ಮೊಬೈಲ್ ಬೇಡ. ಬೆರಳು ಕೊಡುತ್ತಿದ್ದ ಸಮಾಧಾನಕ್ಕೆ ಬದಲಿ ಬೇಕಲ್ಲ, ಎರಡೂ ಕೈಯಲ್ಲಿ ತಬ್ಬಿಕೊಳ್ಳಬೇಕಾದಷ್ಟು ದೊಡ್ಡ ಬೊಂಬೆ ಅಥವಾ ಪುಟ್ಟ ದಿಂಬು ಕೊಡಿ. ಬೆನ್ನು ಸವರುತ್ತ ಹಾಡು ಹೇಳಿ. ಮೊದಲ ಕೆಲವು ರಾತ್ರಿ ನಿದ್ದೆ ತಡವಾಗುತ್ತದೆ, ಅಳುವೂ ಇರಬಹುದು. ಪಕ್ಕದಲ್ಲಿರಿ. ಆ ದಿನಗಳಲ್ಲಿ ನಿಮಗೆ ಮುಂಜಾನೆ ಬೇಗ ಏಳುವ ಕೆಲಸ ಇಲ್ಲದಿದ್ದರೆ ಒಳ್ಳೆಯದು. ದಸರಾ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಶುರುಮಾಡುವುದು ಇದಕ್ಕೇ.

ಮಗುವಿಗೆ ಮನಸ್ಸಿದ್ದರೂ ನಿದ್ದೆಯಲ್ಲಿ ಕೈ ತಾನಾಗಿ ಹೋಗುತ್ತಿದ್ದರೆ ಅಡ್ಡಿಯೊಂದು ಬೇಕು. ಹತ್ತಿಯ ಕಾಲುಚೀಲವನ್ನು ಕೈಗೆ ಹಾಕಿ, ಅದರ ಮೇಲೆ ಮಗುವಿನ ಕೈಯಲ್ಲೇ ಕಣ್ಣುಬಾಯಿ ಬರೆಸಿ. ಅದನ್ನು ಕಿತ್ತೊಗೆಯುವ ಮಗುವಿಗೆ ಹಳೇ ಜುಬ್ಬಾದ ತೋಳಿನ ತುದಿ ಹೊಲಿದು ತೊಡಿಸಬಹುದು.

ಇವೆರಡೂ ಸೋತರೆ, ಐದು ದಾಟಿದ ಮಕ್ಕಳಿಗೆ ಮೊಣಕೈ ಬ್ಯಾಂಡೇಜ್. ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ತನ್ನಿ. ಕೈ ನೇರ ಚಾಚಿಸಿ, ಮೊಣಕೈಗಿಂತ ನಾಲ್ಕು ಬೆರಳು ಮೇಲಿನಿಂದ ನಾಲ್ಕು ಬೆರಳು ಕೆಳಗಿನವರೆಗೆ ಸಡಿಲವಾಗಿ ಎರಡು ಮೂರು ಸುತ್ತು ಬರಲಿ. ಒಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ತೂರಬೇಕು. ಪಿನ್ನು, ಲೋಹದ ಕೊಕ್ಕೆ ಬೇಡ, ಬಟ್ಟೆಯ ಟೇಪ್ ಅಂಟಿಸಿ. ಮಗು ಕೈ ಮಡಚಿ ಬೆರಳನ್ನು ಬಾಯಿಗೆ ತರಬಲ್ಲದು, ಆದರೆ ನಿದ್ದೆ ಆಳವಾದಂತೆ ಬ್ಯಾಂಡೇಜಿನ ಎಳೆತಕ್ಕೆ ಮೊಣಕೈ ನೇರವಾಗಿ ಬೆರಳು ಜಾರಿ ಹೊರಬರುತ್ತದೆ. ಮಲಗಿ ಅರ್ಧ ಗಂಟೆಯಾದ ಮೇಲೆ ಒಮ್ಮೆ ಹೋಗಿ ನೋಡಿ: ಬೆರಳ ತುದಿ ತಣ್ಣಗಾಗಿದ್ದರೆ, ಬಣ್ಣ ಬದಲಾಗಿದ್ದರೆ, ಜುಮುಜುಮು ಎಂದರೆ ತಕ್ಷಣ ಬಿಚ್ಚಿ. ಮಗು ಬೇಡವೆಂದ ರಾತ್ರಿ ಕಟ್ಟಬೇಡಿ.

ಮತ್ತೆ ಶುರುವಾದರೆ

ಆಗುತ್ತದೆ. ಜ್ವರ ಬಂದಾಗ, ಅಮ್ಮ ಊರಿಗೆ ಹೋದಾಗ, ಶಾಲೆ ತೆರೆದಾಗ. ಜ್ವರ ಬಿಡುವವರೆಗೆ ಬೆರಳನ್ನೂ ಬಿಟ್ಟುಬಿಡಿ. ಆಮೇಲೆ ಹಿಂದಿನ ಸುಲಭದ ಹೆಜ್ಜೆಯಿಂದ ಮತ್ತೆ ಹಿಡಿಯಿರಿ. ಎರಡನೇ ಸಲ ಬೇಗ ಆಗುತ್ತದೆ.

ವೈದ್ಯರ ಬಳಿ ಯಾವಾಗ

ಐದು ದಾಟಿಯೂ ಹಗಲುರಾತ್ರಿ ಚೀಪುತ್ತಿದ್ದರೆ, ಮುಂದಿನ ಹಲ್ಲಲ್ಲಿ ಸಂದಿ ಕಂಡರೆ, ಬೆರಳು ಕೀವುಗಟ್ಟಿ ಊದಿದ್ದರೆ ತಡಮಾಡಬೇಡಿ. ಬಿಟ್ಟು ವರ್ಷವಾದ ದೊಡ್ಡ ಮಗು ಒಮ್ಮೆಗೇ ಮತ್ತೆ ಚೀಪತೊಡಗಿ, ಜೊತೆಗೆ ಮಂಕಾಗಿದ್ದರೆ ಅದರ ಮನಸ್ಸಿಗೆ ಏನೋ ತಾಗಿದೆ; ಶಾಲೆಯಲ್ಲಿ, ಆಟೋದಲ್ಲಿ, ಟ್ಯೂಷನ್‌ನಲ್ಲಿ ಏನಾಗಿದೆ ಎಂದು ಮೆಲ್ಲಗೆ ವಿಚಾರಿಸಿ. ಮಾತು ತಡ, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಇವೂ ಜೊತೆಗಿದ್ದರೆ ಹಲ್ಲಿಗಿಂತ ಮೊದಲು ಮಕ್ಕಳ ತಜ್ಞರನ್ನು ಕಾಣಿ.

ಹಲ್ಲಿಗಾದರೆ ಮಕ್ಕಳ ದಂತವೈದ್ಯರು, ಪೀಡೋಡಾಂಟಿಸ್ಟ್ ಎಂದು ಬೋರ್ಡ್ ಇರುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲಿ, ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿಯ ದಂತ ಕಾಲೇಜುಗಳಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ.

ಬೇರೆ ಎಲ್ಲ ಉಪಾಯ ಮುಗಿದ ಮೇಲೆ, ಸುಮಾರು ಆರು ವರ್ಷ ದಾಟಿದ ಮಗುವಿಗೆ ಅವರು ಬಾಯೊಳಗೆ ಒಂದು ತಂತಿಯ ಸಾಧನ ಕೂರಿಸಬಹುದು. ಮೇಲಿನ ದವಡೆಹಲ್ಲುಗಳಿಗೆ ಎರಡು ಉಂಗುರ ಹಾಕಿ, ಮುಂದಿನ ಹಲ್ಲುಗಳ ಹಿಂದೆ ಸಣ್ಣ ಬೇಲಿಯಂತೆ ತಂತಿ ಬರುತ್ತದೆ. ಬೆರಳು ಅಂಗುಳಕ್ಕೆ ತಾಗುವುದೇ ಇಲ್ಲ, ಚೀಪುವ ಸುಖ ಹೊರಟುಹೋಗುತ್ತದೆ. ಇನ್ನೊಂದು ಬಗೆಯಲ್ಲಿ ತಂತಿಯ ಬದಲು ತಿರುಗುವ ಪುಟ್ಟ ಉರುಳೆ ಇರುತ್ತದೆ, ಮಗು ನಾಲಗೆಯಿಂದ ಅದನ್ನು ತಿರುಗಿಸುತ್ತ ಆಡುತ್ತದೆ. ನನಗೆ ಕೇಳಿದರೆ ಎರಡನೆಯದು ಮಕ್ಕಳ ಮನಸ್ಸಿಗೆ ಹತ್ತಿರ. ಮೊದಲ ಕೆಲವು ದಿನ ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ. ಮೆತ್ತಗಿನ ಅನ್ನ, ಇಡ್ಲಿ ಕೊಡಿ. ಚಿಕ್ಕಿ, ಚೂಯಿಂಗ್ ಗಮ್, ಗಟ್ಟಿ ಚಕ್ಕುಲಿ ಬೇಡ, ತಂತಿ ಸಡಿಲವಾಗುತ್ತದೆ. ಚೀಪುವುದು ನಿಂತ ಕೂಡಲೇ ತೆಗೆಸಲು ಅವಸರಪಡಬೇಡಿ. ಮರಳಿ ಶುರುವಾಗದಂತೆ ಇನ್ನೂ ಕೆಲವು ತಿಂಗಳು ಹಾಗೇ ಬಿಡುತ್ತಾರೆ. ದವಡೆ ಕಿರಿದಾಗಿದ್ದರೆ ಅದನ್ನು ಅಗಲಿಸುವ, ಹಲ್ಲು ಸಾಲಾಗಿಸುವ ಚಿಕಿತ್ಸೆ ಆಮೇಲಿನದು.